ಅಟ್ಟದ ಟ್ರಂಕಿನಲ್ಲಿ 23 ಕಲ್ಲು ಸಿಕ್ಕಿವೆ. ಸ್ಫಟಿಕವೋ ಗಾಜೋ? ಬೆಲೆ ಏನಾದರೂ ಬರುತ್ತಾ?

ಹನುಮಂತನಗರದ ಮೊಮ್ಮಗ
ಎಲ್ಲರಿಗೂ ನಮಸ್ಕಾರ. ಹಳೇ ಮನೆ ಖಾಲಿ ಮಾಡುತ್ತಿದ್ದೇವೆ. ಅಟ್ಟದ ಮೇಲೆ ತಾತನ ಕಬ್ಬಿಣದ ಟ್ರಂಕು ಇತ್ತು. ಬೀಗ ಒಡೆದರೆ ಬಟ್ಟೆ ಇಲ್ಲ, ಪಾತ್ರೆ ಇಲ್ಲ, ಬರೀ ಕಲ್ಲು. ಒಟ್ಟು 23. ತಾತ ಭೂವಿಜ್ಞಾನಿಗಳ ಕ್ಯಾಂಪಿಗೆ ಜೀಪ್ ಓಡಿಸುತ್ತಿದ್ದರು. ಹೋದ ಕಡೆಯಿಂದೆಲ್ಲ ಏನಾದರೂ ಹೊತ್ತು ತರುತ್ತಿದ್ದರಂತೆ. ಅಜ್ಜಿ ಬೈದು ಬೈದು ಸುಸ್ತಾಗಿ ಕೊನೆಗೆ ಟ್ರಂಕಿಗೆ ತುಂಬಿಸಿದರಂತೆ.

ಮುಖ್ಯವಾದವು ನಾಲ್ಕು. ಮೊದಲನೆಯದು ಚೋಟುದ್ದದ, ನೀರಿನಷ್ಟು ತಿಳಿಯಾದ, ಆರು ಮುಖದ ಕಲ್ಲು. ತುದಿ ಹೆರೆದ ಪೆನ್ಸಿಲ್ ಹಾಗಿದೆ, ಬುಡ ಮುರಿದಿದೆ. ಎರಡನೆಯದು ಕಪ್ಪು-ಹಸಿರು ಬಂಡೆ ಚೂರಿನ ಮೇಲೆ ನೇರಳೆ ಬಣ್ಣದ ಪುಟ್ಟ ಹರಳುಗಳ ಗೊಂಚಲು. ಮೂರನೆಯದು ಜೇನಿನ ಬಣ್ಣ, ಓರೆಯಾಗಿ ತಳ್ಳಿದ ಇಟ್ಟಿಗೆಯ ಆಕಾರ. ನಾಲ್ಕನೆಯದು ಕಾಫಿ ಡಿಕಾಕ್ಷನ್ ಬಣ್ಣ. ಉಳಿದ 19 ಹೆಚ್ಚುಕಮ್ಮಿ ಬಿಳಿ ಕಲ್ಲುಗಳು.

ಪರಿಚಯದವರೊಬ್ಬರು ಫೋಟೊ ನೋಡಿ, ಎಲ್ಲ ಸೇರಿ 6,000 ಕೊಡುತ್ತೇನೆ, ಇವತ್ತೇ ಹೇಳಿ ಅನ್ನುತ್ತಿದ್ದಾರೆ. ನಮ್ಮ ಸೋದರಮಾವ ಮಾತ್ರ ಮೊದಲನೆಯದು ವಜ್ರವೇ ಅಂತ ಹಟ ಹಿಡಿದಿದ್ದಾರೆ. ಶೋಕೇಸ್ ಗಾಜಿನ ಮೇಲೆ ಗೀಚಿ ತೋರಿಸಿದರು, ಗೀರು ಬಿತ್ತು. ಏನು ಮಾಡಲಿ?

ಎಂಟನೇ ಕ್ರಾಸ್
ಮೊದಲು ಮಾವನ ಹತ್ತಿರ ಶೋಕೇಸ್ ಗಾಜಿನ ದುಡ್ಡು ವಸೂಲಿ ಮಾಡಿ.

ಬಳ್ಳಾರಿ ಬಿಸಿಲು
ನಗಬೇಡಿ ಸಾರ್. ಮಳೆ ಬಿದ್ದ ತಕ್ಷಣ ನಮ್ಮ ಕಡೆಯಿಂದಲೂ ಜನ ಕರ್ನೂಲು ಜಿಲ್ಲೆಯ ಜೊನ್ನಗಿರಿ, ತುಗ್ಗಲಿ ಹೊಲಗಳಿಗೆ ವಜ್ರ ಹುಡುಕಲು ಹೋಗುತ್ತಾರೆ. ಸಿಕ್ಕಿದವರೂ ಇದ್ದಾರೆ. ಆದರೆ ಚೋಟುದ್ದದ ವಜ್ರ ಸಿಕ್ಕಿದ್ದರೆ ತಾತ ಮಾರನೇ ದಿನ ಜೀಪ್ ಹತ್ತುತ್ತಿರಲಿಲ್ಲ ಬಿಡಿ.

ಕಲ್ಲು ಮೇಷ್ಟ್ರು
ಭೂವಿಜ್ಞಾನ ಪಾಠ ಮಾಡಿ ನಿವೃತ್ತನಾದವನು ನಾನು. ವಜ್ರ ಅಲ್ಲವೇ ಅಲ್ಲ. ಒಂದರಿಂದ ಹತ್ತರ ಅಳತೆಯಲ್ಲಿ ಗಾಜಿನ ಗಡಸುತನ ಸುಮಾರು 5.5. ಬೆಣಚುಕಲ್ಲಿನದು, ಅಂದರೆ ಕ್ವಾರ್ಟ್ಜ್‌ನದು, 7. ತಿಳಿಯಾದ ಕ್ವಾರ್ಟ್ಜನ್ನೇ ಸ್ಫಟಿಕ ಅನ್ನುವುದು. ಅದು ಗಾಜನ್ನು ಗೀರುತ್ತದೆ, ಅದಕ್ಕೆ ವಜ್ರವೇ ಆಗಬೇಕಿಲ್ಲ. ವಜ್ರದ ಹರಳು ಸಾಮಾನ್ಯವಾಗಿ ಎಂಟು ಮುಖದ್ದು, ಎರಡು ಪಿರಮಿಡ್ ಬುಡಕ್ಕೆ ಬುಡ ಅಂಟಿಸಿದ ಹಾಗೆ. ನಿಮ್ಮದು ಆರು ಮುಖದ ಕಂಬ.

ಈಗ ಆ ಕಂಬದ ಪಕ್ಕೆಗಳನ್ನು ಕಿಟಕಿ ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿ. ಏಣಿ ಮೆಟ್ಟಿಲಿನ ಹಾಗೆ ಅಡ್ಡಡ್ಡ ಸಣ್ಣ ಗೆರೆಗಳು ಕಾಣುತ್ತವೆಯಾ? ಅಡ್ಡ ಇದ್ದರೆ ಕ್ವಾರ್ಟ್ಜ್. ಉದ್ದುದ್ದ ಇದ್ದರೆ ಟೋಪಾಜ್ ಎಂಬ ಬೇರೆ ಹರಳು ಆಗಿರಬಹುದು, ಆಮೇಲೆ ನೋಡೋಣ. ತುದಿಯಲ್ಲಿ ಮೂರು ಮುಖ ದೊಡ್ಡದು, ಮೂರು ಚಿಕ್ಕದು ಇದ್ದರೆ ಇನ್ನೂ ಒಳ್ಳೆಯ ಲಕ್ಷಣ.

ಗಾಜಿನ ಮೇಲೆ ಇನ್ನು ಗೀಚಬೇಡಿ. ಗಾಜಿನ ಚಿಂತೆ ನನಗಿಲ್ಲ, ಕಲ್ಲಿನ ತುದಿ ಚಿಪ್ಪು ಹಾರಿದರೆ ಬೆಲೆಯೂ ಹಾರಿತು.

ಸುಮಾ ಗಿರಿನಗರ
ಮೇಷ್ಟ್ರೇ, ಅಂಗಡಿಯಲ್ಲಿ ಮಾರುವ ಆರು ಮುಖದ ಸ್ಫಟಿಕಗಳೂ ಹೀಗೇ ಇರುತ್ತವಲ್ಲ? ನಾನು ಬೆಟ್ಟದ ಊರಿಗೆ ಪ್ರವಾಸ ಹೋದಾಗ ರಸ್ತೆ ಬದಿಯಲ್ಲಿ 1,800 ಕೊಟ್ಟು ಒಂದು ತಂದೆ. ಆರು ಮುಖವೂ ಅಳತೆ ಪಟ್ಟಿ ಇಟ್ಟು ಕೊಯ್ದಷ್ಟು ಸಮ. ಒಳಗೆ ಸೋಡಾದ ಹಾಗೆ ದುಂಡು ಗುಳ್ಳೆಗಳು. ವರ್ಷ ಪೂಜೆ ಮಾಡಿದ ಮೇಲೆ ಗೊತ್ತಾಯಿತು ಗಾಜು ಅಂತ.

ಕಲ್ಲು ಮೇಷ್ಟ್ರು
ದುಂಡು ಗುಳ್ಳೆ ಅಂದರೆ ಗಾಜು, ಅನುಮಾನವೇ ಬೇಡ. ಕ್ವಾರ್ಟ್ಜ್ ಒಳಗಿನ ಮಂಜು ತೆರೆ ತೆರೆಯಾಗಿ, ಮುಸುಕಿನ ಹಾಗೆ ಇರುತ್ತದೆ. ಹರಳು ಬೆಳೆಯುವಾಗ ಸಿಕ್ಕಿಕೊಂಡ ದ್ರವ ಅದು.

ಇನ್ನೊಂದು ರೀತಿಯ ಮೋಸ ಇದೆ. ನಿಜವಾದ ಕ್ವಾರ್ಟ್ಜ್ ತುಂಡನ್ನೇ ಮೆಷಿನ್‌ನಲ್ಲಿ ಆರು ಮುಖಕ್ಕೆ ಉಜ್ಜಿ, ಹುಟ್ಟಿದ್ದೇ ಹೀಗೆ ಅಂತ ಮಾರುವುದು. ಅದಕ್ಕೆ ಕಂಪಾಸ್ ಬಾಕ್ಸ್ ಸಾಕು. ಹುಟ್ಟು ಹರಳಿನಲ್ಲಿ ಮುಖಗಳು ಒಂದು ಅಗಲ, ಒಂದು ಕಿರಿದು ಇರಬಹುದು. ಕೋನ ಮಾತ್ರ ಬದಲಾಗದು. ಪಕ್ಕದ ಎರಡು ಮುಖಗಳ ನಡುವೆ 120 ಡಿಗ್ರಿ. ಪಕ್ಕೆಗೂ ತುದಿಯ ಮುಖಕ್ಕೂ ನಡುವೆ ಸುಮಾರು 142. ಇದನ್ನು 1669ರಲ್ಲೇ ಡೆನ್ಮಾರ್ಕಿನ ವಿಜ್ಞಾನಿ ನಿಕೊಲಾಸ್ ಸ್ಟೆನೊ ಇದೇ ಕ್ವಾರ್ಟ್ಜ್ ನೋಡಿ ಬರೆದಿಟ್ಟ. ಉಜ್ಜುವವನು ಚೆಂದಕ್ಕೆ ಉಜ್ಜುತ್ತಾನೆ. ತುದಿಯ ಕೋನದಲ್ಲಿ ಸಿಕ್ಕಿಬೀಳುತ್ತಾನೆ, ಅಡ್ಡಗೆರೆಯೂ ಅಳಿಸಿಹೋಗಿರುತ್ತದೆ.

ವರ್ಕ್ ಫ್ರಮ್ ಹೋಮ್
ಕಂಪಾಸ್ ಬಾಕ್ಸ್ ಎಲ್ಲಿಂದ ತರೋಣ ಮೇಷ್ಟ್ರೇ. ನಮ್ಮ ಊರಿಗೆ ತಕ್ಕ ಪರೀಕ್ಷೆ ಹೇಳುತ್ತೇನೆ. ಎಲ್‌ಸಿಡಿ ಲ್ಯಾಪ್‌ಟಾಪ್‌ನಲ್ಲಿ ಖಾಲಿ ಬಿಳಿ ಪರದೆ ತೆರೆಯಿರಿ. ಪೋಲರಾಯ್ಡ್ ಕೂಲಿಂಗ್ ಗ್ಲಾಸನ್ನು ಕಣ್ಣಿನ ಮುಂದೆ ಹಿಡಿದು, ಪರದೆ ಕಪ್ಪಾಗುವ ತನಕ ತಿರುಗಿಸಿ. ಈಗ ಕಲ್ಲನ್ನು ಎರಡರ ಮಧ್ಯೆ ಹಿಡಿದು ಹೊರಳಿಸಿ. ಗಾಜಾದರೆ ಕಪ್ಪಾಗಿಯೇ ಇರುತ್ತದೆ. ಕ್ವಾರ್ಟ್ಜ್ ಆದರೆ ಕತ್ತಲಲ್ಲಿ ಬಲ್ಬ್ ಹಾಕಿದ ಹಾಗೆ ಬೆಳಗುತ್ತದೆ, ಮತ್ತೆ ಆರುತ್ತದೆ. ಬೆಳಕನ್ನು ಎರಡಾಗಿ ಸೀಳುವ ಗುಣ ಅದಕ್ಕಿದೆ.

ಎಂಟನೇ ಕ್ರಾಸ್
ಫುಟ್‌ಪಾತ್‌ನ 150 ರೂಪಾಯಿ ಗ್ಲಾಸ್ ಆಗುತ್ತಾ?

ವರ್ಕ್ ಫ್ರಮ್ ಹೋಮ್
ಪರದೆ ಕಪ್ಪಾದರೆ ಆಗುತ್ತದೆ. ಆಗದಿದ್ದರೆ ನಿಮ್ಮ ಗ್ಲಾಸೂ ನಕಲಿ. ಒಂದೇ ಪರೀಕ್ಷೆಗೆ ಎರಡು ಉತ್ತರ.

ಕಲ್ಲು ಮೇಷ್ಟ್ರು
ಪರೀಕ್ಷೆ ಚೆನ್ನಾಗಿದೆ, ಆದರೆ ಅದೊಂದನ್ನೇ ನಂಬಬೇಡಿ. ಸರಿಯಾಗಿ ಆರದೆ ಒಳಗೆ ಬಿಗಿತ ಉಳಿದ ಗಾಜೂ ಸ್ವಲ್ಪ ಬೆಳಗುತ್ತದೆ. ಪ್ಲಾಸ್ಟಿಕ್ ಅಂತೂ ಕಾಮನಬಿಲ್ಲನ್ನೇ ತೋರಿಸುತ್ತದೆ. ಅದರ ಜೊತೆ ಸಾಂದ್ರತೆಯನ್ನೂ ನೋಡಿ. ಅಡುಗೆಮನೆಯ ಡಿಜಿಟಲ್ ತೂಕದ ಮೆಷಿನ್ ಇದೆ ತಾನೇ? ಮೊದಲು ಕಲ್ಲು ತೂಗಿ ಬರೆದುಕೊಳ್ಳಿ. ಆಮೇಲೆ ನೀರಿನ ಪಾತ್ರೆ ಇಟ್ಟು ಸೊನ್ನೆಗೆ ತನ್ನಿ. ಕಲ್ಲಿಗೆ ದಾರ ಕಟ್ಟಿ, ತಳಕ್ಕಾಗಲಿ ಬದಿಗಾಗಲಿ ತಾಗದ ಹಾಗೆ ಪೂರ್ತಿ ಮುಳುಗಿಸಿ. ಆಗ ತೋರಿಸುವ ಸಂಖ್ಯೆಯಿಂದ ಮೊದಲಿನ ತೂಕವನ್ನು ಭಾಗಿಸಿ. 2.65ರ ಹತ್ತಿರ ಬಂದರೆ ಕ್ವಾರ್ಟ್ಜ್. ಮಾಮೂಲಿ ಗಾಜು 2.5ರ ಆಸುಪಾಸು. ಟೋಪಾಜ್ ಮತ್ತು ವಜ್ರ ಎರಡೂ 3.5.

ಹನುಮಂತನಗರದ ಮೊಮ್ಮಗ
ಮಾಡಿದೆ. ಚಕ್ಕುಲಿ ಹಿಟ್ಟು ತೂಗುವ ಮೆಷಿನ್ ಮೇಲೆ ಕಲ್ಲು ಇಟ್ಟಿದ್ದಕ್ಕೆ ಅಮ್ಮ ಇನ್ನೂ ಬೈಯುತ್ತಿದ್ದಾರೆ.

ತಿಳಿ ಕಲ್ಲು 412 ಗ್ರಾಂ. ನೀರಿನಲ್ಲಿ 155. ಅಂದರೆ 2.66. ಅಡ್ಡಗೆರೆಗಳೂ ಇವೆ, ಲ್ಯಾಪ್‌ಟಾಪ್ ಮುಂದೆಯೂ ಬೆಳಗಿತು. ಮಾವ ಮಾತು ಬಿಟ್ಟಿದ್ದಾರೆ.

ಜೇನು ಬಣ್ಣದ್ದು 188 ಗ್ರಾಂ, ನೀರಿನಲ್ಲಿ 69. 2.72 ಬಂತು. ಇದೂ ಕ್ವಾರ್ಟ್ಜ್ ಅಂತ ಇಟ್ಟುಕೊಳ್ಳಲಾ?

ಕಲ್ಲು ಮೇಷ್ಟ್ರು
ಇಟ್ಟುಕೊಳ್ಳಬೇಡಿ! ಓರೆ ಇಟ್ಟಿಗೆ ಆಕಾರ ಅಂದಾಗಲೇ ನನಗೆ ಅನುಮಾನ ಬಂದಿತ್ತು. ಅದು ಕ್ಯಾಲ್ಸೈಟ್, ಸುಣ್ಣದಂಶದ ಹರಳು. ಅದರದು 2.71. ಅಡುಗೆಮನೆ ಮೆಷಿನ್‌ಗೆ ಇಷ್ಟು ಸಣ್ಣ ವ್ಯತ್ಯಾಸ ಹಿಡಿಯುವುದು ಕಷ್ಟ, ನಿಮಗೆ ಸರಿಯಾಗಿ ಬಂದದ್ದು ಅದೃಷ್ಟ. ಬುಡದಲ್ಲಿ ಕಾಣದ ಜಾಗದಲ್ಲಿ ಚಾಕುವಿನಿಂದ ಮೆಲ್ಲಗೆ ಗೀರಿ. ಕ್ಯಾಲ್ಸೈಟ್‌ಗೆ ಗೀರು ಬೀಳುತ್ತದೆ, ಅದರ ಗಡಸುತನ ಬರೀ 3. ಉದುರಿದ ಪುಡಿಗೆ ಒಂದು ತೊಟ್ಟು ವಿನೆಗರ್ ಹಾಕಿ, ಗುಳ್ಳೆ ಏಳುತ್ತದೆ. ಕ್ವಾರ್ಟ್ಜ್ ಮೇಲೆ ಚಾಕು ಎಳೆದರೆ ಚಾಕುವೇ ಸವೆದು ಬೂದು ಗೆರೆ ಬಿಡುತ್ತದೆ.

ಹನುಮಂತನಗರದ ಮೊಮ್ಮಗ
ಗುಳ್ಳೆ ಬಂತು ಮೇಷ್ಟ್ರೇ.

ಶ್ರೀಚಕ್ರ ನಿವಾಸ
ನೀವೆಲ್ಲ ಬರೀ ತೂಕ, ಕೋನ ಅಂತೀರಿ. ನಿಜವಾದ ಸ್ಫಟಿಕ ಕೈಯಲ್ಲಿ ಹಿಡಿದರೆ ತಣ್ಣಗಿರುತ್ತದೆ, ದೇಹದ ಉಷ್ಣ ಎಳೆದುಕೊಳ್ಳುತ್ತದೆ. ಅದಕ್ಕೇ ಹಿರಿಯರು ಸ್ಫಟಿಕ ಮಾಲೆ ಹಾಕಿಕೊಳ್ಳುತ್ತಿದ್ದರು. ಶೃಂಗೇರಿಯಲ್ಲಿ ಪೂಜೆಯಾಗುವ ಚಂದ್ರಮೌಳೀಶ್ವರ ಸ್ಫಟಿಕ ಲಿಂಗವೇ. ಸುಮ್ನೆ ಇಟ್ಟಿರುತ್ತಾರಾ?

ಕಲ್ಲು ಮೇಷ್ಟ್ರು
ತಣ್ಣಗಿರುತ್ತದೆ ಅನ್ನುವುದು ನೂರಕ್ಕೆ ನೂರು ನಿಜ. ಕ್ವಾರ್ಟ್ಜ್ ಶಾಖವನ್ನು ಗಾಜಿಗಿಂತ ಹಲವು ಪಟ್ಟು ಬೇಗ ಸಾಗಿಸುತ್ತದೆ. ಮುಟ್ಟಿದ ಕೂಡಲೇ ಕೈಯ ಬಿಸಿ ಅದಕ್ಕೆ ಹೋಗುತ್ತದೆ. ನಮ್ಮ ಅಜ್ಜಿ ಮಾಲೆಯ ಮಣಿಯನ್ನು ಕೆನ್ನೆಗೆ ಮುಟ್ಟಿಸಿಕೊಂಡೇ ಕೊಳ್ಳುತ್ತಿದ್ದರು. ಕಾಯಿಲೆ ವಾಸಿಯಾಗುತ್ತದೆ ಅಂತ ಯಾರಾದರೂ ದುಡ್ಡು ಕೇಳಿದರೆ ಮಾತ್ರ ಎದ್ದು ಬನ್ನಿ.

ಚಿಕ್ಕಪೇಟೆ ಚಂದ್ರು
ನಾನು ಹರಳಿನ ವ್ಯಾಪಾರದಲ್ಲಿದ್ದೇನೆ. ಬೆಲೆ ವಿಷಯ ಯಾರೂ ಹೇಳಲೇ ಇಲ್ಲ, ಹೇಳುತ್ತೇನೆ.

ಈ ಲೈನಿನಲ್ಲಿ ಎರಡು ಮಾರ್ಕೆಟ್ ಇವೆ. ಒಂದು ರಫ್, ಅಂದರೆ ಕಚ್ಚಾ ಕಲ್ಲು, ಕಿಲೋ ಲೆಕ್ಕ. ಜೈಪುರ, ಖಂಭಾತ್ ಕಡೆ ಹೋಗಿ ಮಣಿ, ಲಿಂಗ, ಗಣಪತಿ ಆಗುತ್ತದೆ. ಅವರಿಗೆ ತುದಿ ಚೆನ್ನಾಗಿದೆಯಾ ಅನ್ನುವುದು ಬೇಡವೇ ಬೇಡ. ಒಳಗೆ ಬಿರುಕಿಲ್ಲದ ತಿಳಿ ಭಾಗ ಎಷ್ಟಿದೆ ಅಷ್ಟೇ ನೋಡುತ್ತಾರೆ. ಇನ್ನೊಂದು ಸಂಗ್ರಹಕಾರರ ಮಾರ್ಕೆಟ್, ಪೀಸ್ ಲೆಕ್ಕ. ಇವರು ಕತ್ತರಿಸುವುದಿಲ್ಲ. ಇವರಿಗೆ ತುದಿ ಪೂರ್ತಿ ಇರಬೇಕು, ಮುಖ ಕನ್ನಡಿಯ ಹಾಗೆ ಹೊಳೆಯಬೇಕು, ಅಂಟು ಹಾಕಿ ಜೋಡಿಸಿರಬಾರದು, ಹುಟ್ಟಿದ ಬಂಡೆಯ ಮೇಲೇ ನಿಂತಿದ್ದರೆ ಇನ್ನೂ ಖುಷಿ. ಒಂದೇ ಕಲ್ಲಿಗೆ ಎರಡು ಕಡೆ ಎರಡು ಬೆಲೆ.

ನೇರಳೆ ಹರಳು, ಅಂದರೆ ಅಮೆಥಿಸ್ಟ್ ಎಂಬ ಕ್ವಾರ್ಟ್ಜ್, ಒಂದು ಕಾಲದಲ್ಲಿ ರಾಜರ ಕಲ್ಲು. 19ನೇ ಶತಮಾನದಲ್ಲಿ ಬ್ರೆಜಿಲ್‌ನಲ್ಲಿ ರಾಶಿ ರಾಶಿ ಸಿಕ್ಕಿದ ಮೇಲೆ ಬೆಲೆ ಬಿತ್ತು. ತಿಳಿ ಕ್ವಾರ್ಟ್ಜ್ ಅಂತೂ ಪ್ರಪಂಚದಲ್ಲೆಲ್ಲ ಇದೆ. ಕಾರ್ಖಾನೆಯಲ್ಲೂ ಬೆಳೆಸುತ್ತಾರೆ. ಹಾಗಾಗಿ 6,000 ಅಂದವರು ಕಳ್ಳರೇನಲ್ಲ. ಗೊಂಚಲಿಗೆ ಮೂರು, ತಿಳಿ ಕಲ್ಲಿಗೆ ಎರಡು, ಡಿಕಾಕ್ಷನ್‌ಗೆ ಒಂದು ಅಂತ ಲೆಕ್ಕ ಹಾಕಿರುತ್ತಾರೆ. ಬಿಳಿ ಕಲ್ಲಿಗೆ ಸೊನ್ನೆ.

ಸುಮಾ ಗಿರಿನಗರ
ಕಳ್ಳರಲ್ಲದಿದ್ದರೆ ‘ಇವತ್ತೇ ಹೇಳಿ’ ಅಂತ ಯಾಕೆ ಅವಸರ? ಮೂರು ಸಾವಿರ ಕೊಟ್ಟು ಕೊಂಡದ್ದನ್ನು ನೀವು ಎಷ್ಟಕ್ಕೆ ಮಾರುತ್ತೀರಿ, ಅದನ್ನೂ ಹೇಳಿ.

ಚಿಕ್ಕಪೇಟೆ ಚಂದ್ರು
ಮೇಡಂ, ಅಂಗಡಿ ಬಾಡಿಗೆ ನೀವು ಕಟ್ಟುತ್ತೀರಾ? ಎರಡೂವರೆ ಪಟ್ಟು ಹಾಕುತ್ತೇನೆ, ಎರಡು ವರ್ಷ ಕೂತಿರುತ್ತದೆ. ಅವಸರ ಮಾಡಿದ್ದು ತಪ್ಪು, ಒಪ್ಪಿದೆ.

ಎಂಟನೇ ಕ್ರಾಸ್
ಗೊಂಚಲು ಧೂಳಾಗಿದೆ ಅಂದರೆ ಟಾಯ್ಲೆಟ್ ಆಸಿಡ್‌ನಲ್ಲಿ ಅದ್ದಿ, ಫಳಫಳ ಅನ್ನುತ್ತದೆ.

ಕಲ್ಲು ಮೇಷ್ಟ್ರು
ದಯವಿಟ್ಟು ಬೇಡ! ಅಂಥ ಗೊಂಚಲಿನಲ್ಲಿ ಕ್ಯಾಲ್ಸೈಟ್, ಜಿಯೋಲೈಟ್ ಎಂಬ ಬೇರೆ ಖನಿಜಗಳೂ ಕೂಡಿ ಬೆಳೆದಿರುತ್ತವೆ. ಆಸಿಡ್ ಬಿದ್ದರೆ ಅವು ಕರಗುತ್ತವೆ. ಸೋಪಿನ ನೀರು, ಹಳೇ ಟೂತ್‌ಬ್ರಷ್ ಸಾಕು. ಬಿಸಿ ನೀರಿನಿಂದ ತೆಗೆದು ತಣ್ಣೀರಿಗೆ ಹಾಕಬೇಡಿ, ಬಿರುಕು ಬಿಡುತ್ತದೆ. ತಾರಸಿಯ ಬಿಸಿಲಿಗೂ ಇಡಬೇಡಿ, ನೇರಳೆ ದಿನ ಕಳೆದ ಹಾಗೆ ಮಾಸುತ್ತದೆ.

ಆ ಬಣ್ಣ ಬರುವುದು ಹರಳಿನೊಳಗೆ ಸೇರಿದ ಚೂರು ಕಬ್ಬಿಣಕ್ಕೆ ಬಂಡೆಯ ಸಹಜ ವಿಕಿರಣ ತಗುಲಿ. 400–500 ಡಿಗ್ರಿ ಕಾಯಿಸಿದರೆ ಅದೇ ಹರಳು ಹಳದಿ-ಕಿತ್ತಳೆ ಆಗುತ್ತದೆ. ಅಂಗಡಿಯಲ್ಲಿ ‘ಸಿಟ್ರಿನ್’ ಅಂತ ಮಾರುವ, ಬುಡ ಬೆಳ್ಳಗೆ ತುದಿ ಕಿತ್ತಳೆ ಇರುವ ಗೊಂಚಲುಗಳು ಹೆಚ್ಚಾಗಿ ಹೀಗೆ ಸುಟ್ಟವೇ. ಡಿಕಾಕ್ಷನ್ ಬಣ್ಣದ್ದೂ ಕ್ವಾರ್ಟ್ಜೇ, ಆ ಬಣ್ಣಕ್ಕೆ ಕಾರಣ ಅಲ್ಯೂಮಿನಿಯಂ ಮತ್ತು ವಿಕಿರಣ. ಅದನ್ನೂ ಕೃತಕವಾಗಿ ಕಪ್ಪು ಮಾಡುತ್ತಾರೆ, ಆದರೆ ಅದು ಇದ್ದಿಲಿನಷ್ಟು ಕಪ್ಪಾಗುತ್ತದೆ. ನಿಮ್ಮದು ಡಿಕಾಕ್ಷನ್ ಅಂದಿರಿ, ಸ್ಟ್ರಾಂಗಾ ಲೈಟಾ?

ಹನುಮಂತನಗರದ ಮೊಮ್ಮಗ
ಎರಡನೇ ಡಿಕಾಕ್ಷನ್.

ಕಲ್ಲು ಮೇಷ್ಟ್ರು
ಹಾಗಾದರೆ ಹುಟ್ಟುಬಣ್ಣವೇ ಇರಬೇಕು.

ಜಾಲಹಳ್ಳಿ ಟಿಕ್ ಟಿಕ್
ಕ್ವಾರ್ಟ್ಜ್ ಅಂದಾಗ ನೆನಪಾಯಿತು. ನಮ್ಮಪ್ಪ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿದ್ದರು. 1961ರಲ್ಲಿ ಸಿಟಿಜನ್ ಜೊತೆ ಸೇರಿ ಶುರುವಾದ ಕಾರ್ಖಾನೆ. ಕೀ ಕೊಡುವ ವಾಚ್ ಮಾಡುತ್ತಿದ್ದವರಿಗೆ ಕ್ವಾರ್ಟ್ಜ್ ಬಂದಾಗ ತುಂಬಾ ಬೇಜಾರಾಗಿತ್ತಂತೆ. ಪುಟ್ಟ ಕಲ್ಲಿನ ಕವೆ, ಸೆಕೆಂಡಿಗೆ 32,768 ಸಲ ನಡುಗುತ್ತದೆ. ‘ಕಲ್ಲು ಕೆಲಸ ಮಾಡುತ್ತೆ, ನಾವು ಕೂತು ನೋಡ್ತೀವಿ’ ಅನ್ನುತ್ತಿದ್ದರು.

ಬಳ್ಳಾರಿ ಬಿಸಿಲು
ನಮ್ಮ ಅಡುಗೆಮನೆಗೂ ಕ್ವಾರ್ಟ್ಜ್ ಸ್ಲ್ಯಾಬ್ ಹಾಕಿಸಿದ್ದೇವೆ. ಅದಕ್ಕೂ ಬೆಲೆ ಬರುತ್ತಾ?

ಚಿಕ್ಕಪೇಟೆ ಚಂದ್ರು
ಅದು ಕಲ್ಲಿನ ಪುಡಿಗೆ ರಾಳ ಹಾಕಿ ಒತ್ತಿದ್ದು ಅಣ್ಣ. ಬಿಸಿ ಬಾಣಲೆ ಇಡಬೇಡಿ, ಇರುವ ಬೆಲೆಯೂ ಹೋಗುತ್ತದೆ.

ವರ್ಕ್ ಫ್ರಮ್ ಹೋಮ್
ವಿಷಯಕ್ಕೆ ಬರೋಣ. ಇಷ್ಟೆಲ್ಲ ಒದ್ದಾಡುವ ಬದಲು ರಾಮನ್ ಸ್ಪೆಕ್ಟ್ರೋಮೀಟರ್ ಇರುವ ಲ್ಯಾಬಿಗೆ ಕೊಟ್ಟರೆ ಆಯಿತು. ಲೇಸರ್ ಬಿಟ್ಟರೆ ಕಲ್ಲೇ ತನ್ನ ಹೆಸರು ಹೇಳುತ್ತದೆ. ಕ್ವಾರ್ಟ್ಜ್ ಆದರೆ ಗ್ರಾಫಿನಲ್ಲಿ 464ರ ಹತ್ತಿರ ಒಂದು ಗೋಪುರದಂಥ ಗೆರೆ.

ಕಲ್ಲು ಮೇಷ್ಟ್ರು
ನೀವು ಆ ಹೆಸರೆತ್ತಿದ್ದು ಒಳ್ಳೆಯದಾಯಿತು. ಸಿ.ವಿ. ರಾಮನ್ ಅವರಿಗೂ ಕಲ್ಲಿನ ಹುಚ್ಚಿತ್ತು. ಮೇಖ್ರಿ ಸರ್ಕಲ್ ಹತ್ತಿರ 1948ರಲ್ಲಿ ಅವರು ಕಟ್ಟಿದ ಸಂಸ್ಥೆಯಲ್ಲಿ ಅವರದೇ ಹರಳು, ಖನಿಜಗಳ ಸಂಗ್ರಹ ಇದೆ. ಅದಕ್ಕೂ ಮೊದಲು, 1940ರಲ್ಲಿ, ಇದೇ ಬೆಂಗಳೂರಿನಲ್ಲಿ ಅವರೂ ಸಂಶೋಧಕ ನೆಡುಂಗಡಿಯವರೂ ಕ್ವಾರ್ಟ್ಜ್ ಕಾಯಿಸಿ ನೋಡಿದರು. 573 ಡಿಗ್ರಿಗೆ ಅದರ ಒಳರಚನೆ ಬದಲಾಗುತ್ತದೆ. ಅಲ್ಲಿಗೆ ಹತ್ತಿರವಾದ ಹಾಗೆ ಹರಳಿನ ಪರಮಾಣುಗಳ ಒಂದು ಕಂಪನ ಮೆತ್ತಗಾಗುತ್ತಾ ಹೋಗುವುದನ್ನು ಅವರು ಹಿಡಿದರು. ನಾಲ್ಕು ಕಲ್ಲಿಗೆ ಲ್ಯಾಬ್ ಬೇಡ ಬಿಡಿ, ಚಾಕು, ವಿನೆಗರ್ ಸಾಕಲ್ಲ.

ಎಂಟನೇ ಕ್ರಾಸ್
ನಾಳೆ ಲಾಲ್‌ಬಾಗ್ ಬಂಡೆ ಹತ್ತಿ ಬಿಳಿ ಗೆರೆ ಇರುವ ಕಡೆ ಒಂದು ಚೂರು ಕೆತ್ತಿ ತರುತ್ತೇನೆ.

ಕಲ್ಲು ಮೇಷ್ಟ್ರು
ತಮಾಷೆಗೂ ಬೇಡ. ಅದು ಸುಮಾರು 300 ಕೋಟಿ ವರ್ಷದ ಬಂಡೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಕೂತು ಕಡಲೆಕಾಯಿ ತಿಂದು ಬನ್ನಿ.

ಮೊಮ್ಮಗನವರೇ, ಒಂದು ಕೇಳಲು ಮರೆತೆ. ಕಲ್ಲುಗಳ ಜೊತೆ ಚೀಟಿ ಏನಾದರೂ ಇತ್ತಾ? ಎಲ್ಲಿ ಸಿಕ್ಕಿದ್ದು ಅಂತ?

ಹನುಮಂತನಗರದ ಮೊಮ್ಮಗ
ಚೀಟಿ ಇರಲಿಲ್ಲ. ಎಲ್ಲ ಹಳೇ ಪೇಪರ್‌ನಲ್ಲಿ ಸುತ್ತಿದ್ದವು. ಪೇಪರ್ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಏನೋ ಗೀಚಿದ್ದರು ಅನ್ನಿಸುತ್ತದೆ. ನಿನ್ನೆ ಉಳಿದ ರದ್ದಿ ಜೊತೆ ಗುಜರಿಗೆ ಹಾಕಿಬಿಟ್ಟೆ.

ಚಿಕ್ಕಪೇಟೆ ಚಂದ್ರು
ಅಯ್ಯೋ ಗುರು! ಕಲ್ಲಿನ ಅರ್ಧ ಬೆಲೆಯನ್ನು ಕಿಲೋಗೆ ಹದಿನಾಲ್ಕು ರೂಪಾಯಿಗೆ ಮಾರಿಬಿಟ್ಟೆಯಲ್ಲ. ಯಾವ ಊರು, ಯಾವ ಬಾವಿ, ಯಾವ ವರ್ಷ ಅಂತ ಗೊತ್ತಿದ್ದರೆ ಅದು ಸಂಗ್ರಹಕ್ಕೆ ಸೇರುವ ಪೀಸ್. ಗೊತ್ತಿಲ್ಲದಿದ್ದರೆ ಪೇಪರ್‌ವೆಯ್ಟ್.

ಸುಮಾ ಗಿರಿನಗರ
ಇದನ್ನು ಮೊದಲೇ ಹೇಳಬಾರದಿತ್ತಾ ಚಂದ್ರು? ಬೆಲೆಯ ಮೇಲೆ ಅಷ್ಟುದ್ದ ಭಾಷಣ ಮಾಡಿದಿರಿ!

ಎಂಟನೇ ಕ್ರಾಸ್
ಓಡಿ ಸಾರ್! ಗುಜರಿ ಅಂಗಡಿಯವರು ತಕ್ಷಣ ಕಳಿಸುವುದಿಲ್ಲ. ಲೋಡ್ ತುಂಬುವ ತನಕ ಕಟ್ಟಿ ಇಟ್ಟಿರುತ್ತಾರೆ.

ಹನುಮಂತನಗರದ ಮೊಮ್ಮಗ
ಹೋಗಿ ಬಂದೆ. ಅಂಗಡಿಯವನು ಕಟ್ಟು ಬಿಚ್ಚಲು ಐವತ್ತು ರೂಪಾಯಿ ಕೇಳಿದ, ಕೊಟ್ಟೆ. ಒಂದೂವರೆ ಗಂಟೆ ಕೂತು ಹುಡುಕಿದೆ. ಒಂಬತ್ತು ಹಾಳೆ ಸಿಕ್ಕಿದವು. ಮುದುರಿದ ಮಡಿಕೆಯಲ್ಲಿ ಕಲ್ಲಿನ ಅಚ್ಚು ಹಾಗೇ ಇದೆ, ಯಾವ ಹಾಳೆ ಯಾವ ಕಲ್ಲಿನದು ಅಂತ ಇಟ್ಟು ನೋಡಿದರೆ ಕೂರುತ್ತದೆ.

ನೇರಳೆಯದರ ಮೇಲೆ: ‘ಜಳಗಾಂವ್ ದಾಟಿ, ಬಾವಿ ತೋಡುವಲ್ಲಿ, ಎಪ್ರಿಲ್ 74’. ತಿಳಿ ಕಲ್ಲಿನದು: ‘ಮಣಿಕರಣ್, ಸಾಧು ಕೊಟ್ಟದ್ದು, ದುಡ್ಡು ತೆಗೆದುಕೊಳ್ಳಲಿಲ್ಲ’. ಡಿಕಾಕ್ಷನ್ ಬಣ್ಣದ್ದು ಸಿಗಲಿಲ್ಲ. ತಾತ ಬದರಿ ಯಾತ್ರೆಗೆ ಅಂತ ಹೋಗಿ ಹದಿನೈದು ದಿನ ತಡವಾಗಿ ಬಂದಿದ್ದರಂತೆ. ಎಲ್ಲಿಗೆ ಹೋಗಿದ್ದರು ಅಂತ ಅಮ್ಮನಿಗೆ ಇವತ್ತೇ ಗೊತ್ತಾಗಿದ್ದು.

ಕಲ್ಲು ಮೇಷ್ಟ್ರು
ಕಪ್ಪು-ಹಸಿರು ಬಂಡೆ ಅಂದಾಗಲೇ ದಖ್ಖನ್ ಲಾವಾ ಅಂದುಕೊಂಡಿದ್ದೆ. ಮಹಾರಾಷ್ಟ್ರದ ಜಳಗಾಂವ್ ಕಡೆ ಬಾವಿ ತೋಡುವಾಗ ಲಾವಾದ ಪೊಟರೆಗಳಲ್ಲಿ ಇಂಥವೇ ಸಿಗುತ್ತವೆ. ಮಣಿಕರಣ್ ಇರುವ ಹಿಮಾಚಲದ ಪಾರ್ವತಿ ಕಣಿವೆಯೂ ಸ್ಫಟಿಕಕ್ಕೆ ಹೆಸರಾದ ಜಾಗ. ಬರವಣಿಗೆಯೂ ಕಲ್ಲೂ ಒಂದಕ್ಕೊಂದು ಒಪ್ಪುತ್ತಿವೆ. ಹಾಳೆಗಳನ್ನು ಇಸ್ತ್ರಿ ಮಾಡಬೇಡಿ, ಹಾಗೇ ಒಂದೊಂದು ಕವರ್‌ಗೆ ಹಾಕಿಡಿ.

ಚಿಕ್ಕಪೇಟೆ ಚಂದ್ರು
ಗೊಂಚಲು ಮತ್ತು ಆ ಪೇಪರ್, ಎರಡೂ ಸೇರಿ ನಾನೇ 9,000 ಕೊಡುತ್ತೇನೆ. ತುದಿಗಳನ್ನು ಕಣ್ಣಾರೆ ನೋಡಿದ ಮೇಲೆ. ಸಾಧು ಕೊಟ್ಟದ್ದಕ್ಕೆ ಜಾಸ್ತಿ ಇಲ್ಲ, ಅವರ ರಸೀದಿ ಇಲ್ಲವಲ್ಲ.

ಸುಮಾ ಗಿರಿನಗರ
ನಿನ್ನೆ ಮೂರು ಇದ್ದದ್ದು ಇವತ್ತು ಒಂಬತ್ತು. ನಾಳೆ ತನಕ ಕಾಯಿರಿ ಮೊಮ್ಮಗನವರೇ.

ಹನುಮಂತನಗರದ ಮೊಮ್ಮಗ
ಗೊಂಚಲು ಕೊಡುವುದಿಲ್ಲ ಅಂತ ಅಮ್ಮ ಆಗಲೇ ಶೋಕೇಸಿಗೆ ಸೇರಿಸಿಯಾಯಿತು, ಗೀರು ಬಿದ್ದ ಗಾಜಿನ ಹಿಂದೆ. ಸಾಧುವಿನದು ದೇವರ ಮನೆಗೆ ಹೋಯಿತು. ಡಿಕಾಕ್ಷನ್ ಮಾವ ಕೇಳಿದರು, ಕೊಟ್ಟೆ. ಚಂದ್ರು ಅಣ್ಣ, ನಿಮಗೆ ಬೇಕಿದ್ದರೆ ಬಿಳಿ ಕಲ್ಲು 19 ಇವೆ.

ಚಿಕ್ಕಪೇಟೆ ಚಂದ್ರು
ಬೇಡಪ್ಪ.

ಬಳ್ಳಾರಿ ಬಿಸಿಲು
ಎಸೆಯಬೇಡಿ. ಚಿಕ್ಕವರಿದ್ದಾಗ ಕತ್ತಲಲ್ಲಿ ಎರಡು ಬೆಣಚುಕಲ್ಲು ಉಜ್ಜಿ ಬೆಂಕಿ ಬರಿಸುತ್ತಿರಲಿಲ್ಲವಾ? ರಾತ್ರಿ ಲೈಟ್ ಆರಿಸಿ ಉಜ್ಜಿ ನೋಡಿ. ಮೇಲೆ ಕಿಡಿ ಹಾರುವುದಲ್ಲ, ಕಲ್ಲಿನ ಒಳಗೇ ಬೆಳಕು ಬರುತ್ತದೆ.

ಹನುಮಂತನಗರದ ಮೊಮ್ಮಗ
ಲೈಟ್ ಆರಿಸುವ ಕೆಲಸವೇ ಬರಲಿಲ್ಲ, ಎಂಟು ಗಂಟೆಗೆ ಕರೆಂಟ್ ಹೋಯಿತು. ಮಗಳೂ ನಾನೂ ಅಟ್ಟದ ಕೆಳಗೆ ಕೂತು ಉಜ್ಜುತ್ತಿದ್ದೇವೆ. ಕಿತ್ತಳೆ ಬೆಳಕು, ಸುಟ್ಟ ವಾಸನೆ. ಮಾವ ಇನ್ನೆರಡು ಕಲ್ಲು ಹುಡುಕುತ್ತಿದ್ದಾರೆ.